ಅತಿ ಸಮೀಪದ ಬಾಗಿಲು

ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿಯ ಒಂದು ಮಧ್ಯಾಹ್ನ, ಒಂದು ಮಗುವಿನ ಎಡದೋಳಿನ ಮೇಲಿರಬಹುದಾದ ಕಡಲೆಕಾಳಿನಗಲದ ಲಸಿಕೆಯ ಕಲೆಯೊಂದನ್ನು ಕಣ್ಣಾರೆ ಕಾಣುವ ಸಲುವಾಗಿ ನರಸಿಂಹಯ್ಯನವರು ಹನ್ನೊಂದು ಮೈಲಿ ದಾರಿ ಸವೆಸಿದ್ದರು. ಆರನೆಯ ಮೈಲಿಯವರೆಗೆ ಸೈಕಲ್ಲು ಅವರನ್ನು ಹೊತ್ತಿತ್ತು. ಹಿಂದಿನ ಚಕ್ರ ಪಂಚರಾದ ಮೇಲೆ ಮಿಕ್ಕ ಐದು ಮೈಲಿ ಅವರೇ ಸೈಕಲ್ಲನ್ನು ತಳ್ಳಿಕೊಂಡು ನಡೆದಿದ್ದರು. ಆ ಸಮೀಕ್ಷೆಯಲ್ಲಿ ಸೀಗೇಪಾಳ್ಯವೆಂಬ ಊರಿನ ಪಾಲಿಗೆ ಬೇಕಾಗಿದ್ದದ್ದು ಏಳು ಮಕ್ಕಳು. ಆರು ಸಿಕ್ಕಿದ್ದವು. ಏಳನೆಯದರ ತಾಯಿ ತಂಗಿಯ ಸೀಮಂತಕ್ಕೆಂದು ಮಗುವನ್ನೆತ್ತಿಕೊಂಡು ತವರಿಗೆ ಹೋಗಿದ್ದಳು. ದೀಪ ಹಚ್ಚುವ ಹೊತ್ತಿಗೆ ಆ ತವರಿನ ಜಗಲಿಯನ್ನು ತಲುಪಿ, ಮಗುವಿನ ಅಂಗಿಯ ತೋಳನ್ನು ಸರಿಸಿ, ಕಲೆಯನ್ನು ಕಂಡು, ನಮೂನೆಯ ಏಳನೆಯ ಸಾಲಿನಲ್ಲಿ ಗುರುತು ಹಾಕಿದರು. ಏಳಕ್ಕೆ ಏಳು! ಜಿಲ್ಲಾ ವೈದ್ಯಾಧಿಕಾರಿಗಳು ತುಂಬಿದ ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ, ಸಮೀಕ್ಷೆಯೆಂದರೆ ಹೀಗೆ ಮಾಡಬೇಕು ಎಂದಿದ್ದರು. ಆ ದಿನದಿಂದ ಆ ಹನ್ನೊಂದು ಮೈಲಿಗಳು ನರಸಿಂಹಯ್ಯನವರ ಹೆಸರಿಗೆ ಅಂಟಿಕೊಂಡವು. ಬಡ್ತಿಯ ಸಂದರ್ಶನದಲ್ಲಿ ಹೇಳಿದರು, ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಹೇಳಿದರು. ಈಗ, ಅರವತ್ನಾಲ್ಕನೆಯ ವಯಸ್ಸಿನಲ್ಲಿ, ಲಸಿಕೆ ಎಷ್ಟು ಮಕ್ಕಳಿಗೆ ಮುಟ್ಟಿದೆಯೆಂದು ಅಳೆಯುವ ಸಂಸ್ಥೆಯೊಂದು ಅವರನ್ನು ಮೇಲ್ವಿಚಾರಕರನ್ನಾಗಿ ಮರಳಿ ಕರೆದಿರಲು, ಚಂದಾಪುರದ ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ, ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಆರದಿದ್ದ ಸೋಮವಾರ ಬೆಳಿಗ್ಗೆ, ಸಮೀಕ್ಷೆಯ ತರಬೇತಿಗೆ ಬಂದ ಹದಿನಾರು ಮಂದಿ ಹುಡುಗ ಹುಡುಗಿಯರ ಮುಂದೆ ಮೈಕು ಹಿಡಿದು ಮತ್ತೊಮ್ಮೆ ಹೇಳಿದರು.

ಹೇಳುವಾಗ ಅವರ ಎದೆ ಹುಡುಗನೆದೆಯಂತೆ ಹಾರುತ್ತಿತ್ತು. ಇಂಥ ಉತ್ಸಾಹ ಈ ವಯಸ್ಸಿಗೆ ತಕ್ಕುದಲ್ಲವೆಂದು ಅವರಿಗೂ ಗೊತ್ತು. ಆದರೆ ಈ ವಿದ್ಯೆಯ ಮಾತೆತ್ತಿದರೆ ಅವರಿಗೆ ಮೈಮೇಲೆ ಬಂದಂತಾಗುತ್ತದೆ. ಲಕ್ಷಾಂತರ ಮಕ್ಕಳ ತೋಳುಗಳನ್ನು ಯಾರೂ ನೋಡಲಾರರು. ಮೂವತ್ತು ಊರುಗಳನ್ನು ಆರಿಸಿ, ಊರಿಗೆ ಏಳರಂತೆ ಇನ್ನೂರ ಹತ್ತು ತೋಳುಗಳನ್ನು ನೋಡಿದರೆ, ಇಡೀ ಜಿಲ್ಲೆ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಒಂದೇ ಒಂದು ಷರತ್ತು: ಯಾವ ತೋಳನ್ನು ನೋಡಬೇಕೆಂಬುದನ್ನು ನೋಡುವವನು ಆರಿಸಕೂಡದು. ಊರ ನಡುವೆ ನಿಂತು ನೆಲದ ಮೇಲೆ ಪೆನ್ನು ತಿರುಗಿಸುವುದು. ಅದರ ಮೂತಿ ತೋರಿದ ದಿಕ್ಕಿನ ಮನೆಗಳನ್ನೆಣಿಸುವುದು. ಜೇಬಿನ ನೋಟಿನ ಕೊನೆಯ ಅಂಕಿ ಹೇಳಿದ ಮನೆಯಿಂದ ಆರಂಭಿಸುವುದು. ಅಲ್ಲಿಂದ ಮುಂದೆ, ಹೊರಬಂದ ಹೊಸ್ತಿಲಿಗೆ ಯಾವ ಮನೆಯ ಬಾಗಿಲು ಅತಿ ಸಮೀಪವೋ ಆ ಮನೆ, ಆಮೇಲೆ ಅದಕ್ಕೆ ಅತಿ ಸಮೀಪದ್ದು, ಹೀಗೆ ಏಳು ಮಕ್ಕಳಾಗುವ ತನಕ. "ಹುಳಿ ಬಡಿಸುವಾಗ ಚೆನ್ನಾಗಿ ಕಲಕಿ ಸೌಟು ಹಾಕಬೇಕಲ್ಲವೆ? ಕಲಕದೆ ಮೇಲಿನ ತಿಳಿ ತೆಗೆದವನಿಗೆ ತಳದ ಬೇಳೆಯ ವಿಷಯ ಏನು ಗೊತ್ತು?" ಎಂದರು. ಹುಡುಗರು ನಕ್ಕರು. ಹನ್ನೊಂದು ಮೈಲಿ ಮುಗಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಅಂಜನ್ ಎಂಬ ಹುಡುಗ ಪಕ್ಕದವನ ಬೆನ್ನಿಗೆ ಗುದ್ದಿ, "ನೋಡೋ ಮಗಾ, ಸಾರ್ ಹನ್ನೊಂದು ಮೈಲಿ ಸೈಕಲ್ ಹೊಡ್ದವ್ರೆ. ನೀನು ಮಾರತ್ತಹಳ್ಳಿ ಬಸ್ಸಲ್ಲಿ ಸೀಟ್ ಸಿಕ್ಕಿಲ್ಲ ಅಂತ ರಜಾ ಹಾಕ್ತೀಯ" ಎಂದನು. ಮತ್ತೆ ನಗೆ. ಆ ನಗೆಯ ನಡುವೆಯೇ ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮಹಾದೇವಿ, ಯಾದಗಿರಿಯ ಕಡೆಯವಳು, ತಂದೆತಾಯಿಯರ ಗಾರೆ ಕೆಲಸದ ಹಿಂದೆ ಊರೂರು ಅಲೆದು, ಹೇಗೋ ಪಿ.ಯು.ಸಿ. ಮುಗಿಸಿ, ಈಗ ಚಂದಾಪುರದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿರುವವಳು.

"ಸರ, ಒಂದು ಮಾತು ಕೇಳ್ಲ್ಯಾ? ಏಳನೇ ಕೂಸು ಮನ್ಯಾಗ ಇರ್ಲಿಲ್ಲಂದ್ರ ನೀವು ಮಗ್ಗಲ ಮನಿಗೆ ಯಾಕ ಹೋಗ್ಲಿಲ್ರಿ? ಅತಿ ಸಮೀಪದ ಬಾಗಲಾ ಅಂತ ನೀವ ಹೇಳಿದ್ರೆಲ್ರಿ."

ಇಪ್ಪತ್ತನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿಗಳಾಗಲಿ, ಸಹೋದ್ಯೋಗಿಗಳಾಗಲಿ, ಹೆಂಡತಿಯಾಗಲಿ ಕೇಳಿರಲಿಲ್ಲ. ನರಸಿಂಹಯ್ಯನವರ ಬಾಯಿ ತಾನಾಗಿ ತೆರೆದುಕೊಂಡು, "ಬೀಗ ಹಾಕಿತ್ತಮ್ಮ" ಎಂದಿತು. "ಅದಕ್ಕ ಮುಂದಿಂದ್ರಿ?" ಎಂದಳು ಅವಳು, ತಿಳಿದುಕೊಳ್ಳುವ ಆಸೆಯಿಂದಲೇ. "ಅದಕ್ಕೂ ಬೀಗ" ಎಂದರು. "ಊರಿಗೂರೇ ಬೀಗನಾ ಸಾರ್!" ಎಂದು ಅಂಜನ್ ಕೂಗಿದ್ದಕ್ಕೆ ಹಾಲೆಲ್ಲ ನಗೆಯೆದ್ದಿತು. ನರಸಿಂಹಯ್ಯನವರೂ ನಕ್ಕರು. ಮೈಕಿನಲ್ಲಿ ಆ ನಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು. ಸಂಸ್ಥೆಯ ಅಂಕಿಅಂಶಗಳ ಮುಖ್ಯಸ್ಥೆ ಪದ್ಮಾವತಿ, ಅವರ ಮಗಳಾಗಬಹುದಾದ ವಯಸ್ಸಿನವಳು, ಎದ್ದು ಬಂದು ಕೈಕುಲುಕಿ, "ಸೂಪರ್ ಸಾರ್. ನಾಳೆ ಪೀಣ್ಯದಲ್ಲಿ ಅರವತ್ತು ಜನ ಇದಾರೆ, ಇದನ್ನೇ ಹೇಳ್ಬೇಕು ನೀವು. ಇಂಥ ಕಥೆ ನಮ್ಮ ಮ್ಯಾನ್ಯುಯಲ್ಲಲ್ಲಿ ಎಲ್ಲಿ ಬರತ್ತೆ?" ಎಂದಾಗ ತಮ್ಮ ಅಂಗೈ ಬೆವತಿದ್ದುದು ಅವಳಿಗೆ ತಿಳಿಯಿತೇನೋ ಎಂಬ ಚಿಂತೆ ಅವರನ್ನು ಊಟದ ಎಲೆಯವರೆಗೂ ಬಿಡಲಿಲ್ಲ.

ಮಧ್ಯಾಹ್ನ ಮಹಾದೇವಿಯೊಡನೆ ತಮ್ಮ ಪಾಲಿನ ಬಡಾವಣೆಗೆ ಹೊರಟಾಗ ಆ ಚಿಂತೆಯೂ ಉತ್ಸಾಹವೂ ಒಂದರೊಳಗೊಂದು ಬೆರೆತು, ಯಾವುದು ಯಾವುದೆಂದು ತಿಳಿಯದಂತಾಗಿತ್ತು. ಹೊಸೂರು ರಸ್ತೆಯ ಲಾರಿಗಳ ಧೂಳಿನಲ್ಲಿ ಅವರು ಯುವಕನಂತೆ ದಾಪುಗಾಲು ಹಾಕಿದರು. ಈಗಿನ ಪದ್ಧತಿ ಹಳೆಯದಕ್ಕಿಂತ ಎಷ್ಟು ಶುದ್ಧ! ಪೆನ್ನೂ ಇಲ್ಲ, ನೋಟೂ ಇಲ್ಲ. ಮೊದಲು ನಕ್ಷೆ, ನಕ್ಷೆಯಲ್ಲಿ ಪ್ರತಿಯೊಂದು ಬಾಗಿಲಿಗೂ ಒಂದು ಸಂಖ್ಯೆ, ಆ ಸಂಖ್ಯೆಗಳು ಕಚೇರಿಗೆ ಹೋದರೆ, ಯಾವ ಮುಖವನ್ನೂ ಯಾವ ಗೋಡೆಯನ್ನೂ ಕಾಣದ ಗಣಕಯಂತ್ರ ನಲವತ್ತು ಬಾಗಿಲುಗಳನ್ನು ಎತ್ತಿ ಕೊಡುತ್ತದೆ. ಮನುಷ್ಯನ ಕೈಗೆ ಆಯ್ಕೆಯೇ ಇಲ್ಲ. ಆಯ್ಕೆಯಿಲ್ಲದಿರುವುದು ಎಂಥ ಬಿಡುಗಡೆ! ಪೆನ್ನಿನ ಕಾಲದಲ್ಲಿ ಮನುಷ್ಯನಿಗೆ ಎಲ್ಲಿಯೋ ಒಂದು ಸಂದು ಸಿಕ್ಕಿಬಿಡುತ್ತಿತ್ತು. ಸೀಗೇಪಾಳ್ಯದಲ್ಲಿ ಪೆನ್ನು ಪಡುವಣಕ್ಕೆ ತಿರುಗಿತ್ತು. ಊರ ಹಿರಿಯ ವೆಂಕಟರಮಣಪ್ಪನವರು ಜೊತೆಗೇ ನಡೆದು ಬಂದು ಮನೆ ಮನೆ ತೋರಿಸುತ್ತಿದ್ದರು. ಅವರ ಮನೆಯಲ್ಲಿ ಒಬ್ಬಟ್ಟು ಬೇಯುತ್ತಿತ್ತು. ಕಣದ ಅಂಚಿನ ಕೊನೆಯ ಮನೆಯಲ್ಲಿ ಆರನೆಯ ಮಗುವಿನ ತೋಳು ನೋಡಿ ಹೊರಬಂದಾಗ ವೆಂಕಟರಮಣಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಊರು ಇಲ್ಲಿಗೆ ಮುಗೀತು ಸ್ವಾಮಿ. ನಡೀರಿ, ಎಲೆ ಆಕವ್ರೆ" ಎಂದಿದ್ದರು. ಆ ಮನೆಯ ಮುಂದೆ ಒಂದು ಚರಂಡಿ ಹರಿಯುತ್ತಿತ್ತು. "ಸರ, ಲಾರಿ!" ಎಂದು ಮಹಾದೇವಿ ಅವರ ತೋಳು ಹಿಡಿದೆಳೆದಳು.

ಅವರ ಕೈಚೀಲದಲ್ಲಿ ಶನಿವಾರ ತಾವೇ ಬರೆದು, ತಾವೇ ಸಹಿ ಮಾಡಿದ ನಕ್ಷೆಯಿತ್ತು: ಇನ್ನೂರ ಹನ್ನೆರಡು ಬಾಗಿಲು. ಅಂಥ ನಕ್ಷೆ ಬರೆಯುವವರು ಈಗ ಯಾರಿದ್ದಾರೆ? ದೇವಸ್ಥಾನಕ್ಕೊಂದು ಗೋಪುರ, ಅಂಗಡಿಗೊಂದು ಚೌಕ, ಬೀದಿ ದಾಟುವಲ್ಲೆಲ್ಲ ಬಾಣ. ಮೂಡಣದ ತುದಿಯಲ್ಲಿ ಎಂಟು ಮಹಡಿಯ ಕಟ್ಟಡವೇಳುತ್ತಿದ್ದ ದೊಡ್ಡ ನಿವೇಶನ. ಅದನ್ನು ನೀಟಾಗಿ ಗೆರೆ ಹೊಡೆದು ತುಂಬಿಸಿ, "ಕಟ್ಟಡ ಕಾಮಗಾರಿ, ವಾಸವಿಲ್ಲ" ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು. ಯಂತ್ರ ಆರಿಸಿದ ಬಾಗಿಲುಗಳಲ್ಲಿ ಒಂದು ಆ ನಿವೇಶನದ ನೀಲಿ ತಗಡಿನ ಬೇಲಿಗೆ ಎದುರಾಗಿತ್ತು. ಅಲ್ಲಿಯ ಅನುಸೂಯಮ್ಮನೆಂಬ ಗೃಹಿಣಿ ಬೀರುವಿನಿಂದ ಪ್ಲಾಸ್ಟಿಕ್ ಹೊದಿಕೆಯ ತಾಯಿ ಕಾರ್ಡನ್ನು ತೆಗೆದುಕೊಟ್ಟಳು. ಲಸಿಕೆಯ ಎಲ್ಲ ಚೌಕಗಳಲ್ಲಿಯೂ ದಿನಾಂಕಗಳಿದ್ದವು. ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಮಹಾದೇವಿ ಹೊಸ್ತಿಲಿಂದ ಇಳಿದವಳು ಚಪ್ಪಲಿ ಮೆಟ್ಟುವುದನ್ನು ಮರೆತು ಎದುರಿನ ತಗಡನ್ನೇ ನೋಡುತ್ತ ನಿಂತಳು.

"ಸರ, ಇದರ ಹಿಂದ ಮನಿ ಅದಾವ್ರಿ."

"ಕೆಲಸ ನಡೀತಿದೆಯಮ್ಮ ಅಲ್ಲಿ. ನಾನು ವಿಚಾರಿಸಿದೀನಿ."

"ಯಾರನ್ನ ಕೇಳಿದ್ರಿ?"

"ಗೇಟಿನವನನ್ನ."

"ಗೇಟಿನವ ಏನಂದಾನು ಸರ? ನಾವು ಸಣ್ಣವರಿದ್ದಾಗ ನಮ್ಮನ್ನ ಕೇಳಿದ್ರೂ ಹಂಗ ಅಂತಿದ್ರು. ಕೆಲಸದ ಮಂದಿ ಅದಾರ, ಮನಿ ಇಲ್ಲ ಅಂತ. ನಾ ಹುಟ್ಟಿದ್ದ ಇಂಥಾ ತಗಡಿನ್ಯಾಗ್ರಿ."

ಶನಿವಾರ ಆ ಕಾವಲುಗಾರ ಅಕ್ಷರಶಃ ಹಾಗೆಯೇ ಹೇಳಿದ್ದನು. "ಕೆಲಸದೋರವ್ರೆ ಸಾರ್, ಮನೆ ಯಾವ್ದೂ ಇಲ್ಲ." ಬಿಸಿಲು ನೆತ್ತಿಯ ಮೇಲಿತ್ತು, ಎಳನೀರಿನ ಗಾಡಿ ಹತ್ತಿರದಲ್ಲಿಯೇ ನಿಂತಿತ್ತು, ಅವನ ಮಾತು ಮುಗಿಯುವುದಕ್ಕೆ ಮುಂಚೆಯೇ ಅವರ ಪೆನ್ಸಿಲು ನಿವೇಶನದ ಒಳಗೆ ಗೆರೆಗಳನ್ನು ಎಳೆಯತೊಡಗಿತ್ತು. ಆಗಲೂ ತಗಡಿನ ಮೇಲೆ ಕಟ್ಟಿದ್ದ ತಂತಿಯಲ್ಲಿ ಏನೋ ಅಲ್ಲಾಡುತ್ತಿತ್ತು. ಏನದು? ಅವರು ನೋಡಿದ್ದರು. ಅಂಗೈಯಗಲದ, ಹಳದಿ ಬಣ್ಣದ ಒಂದು ಲಂಗ. ಕಣ್ಣು ಅದನ್ನು ಕಂಡಿತ್ತು, ಕೈ ಕಂಡಿರಲಿಲ್ಲ. ಕಣ್ಣು ಕಂಡದ್ದನ್ನು ಕೈಗೆ ತಲುಪಿಸದೆ ನಡುವೆ ತಡೆಹಿಡಿಯುವವನು ಯಾವನಿರಬಹುದು, ಅವನು ತನ್ನೊಳಗೆ ಎಷ್ಟು ವರ್ಷಗಳಿಂದ ನೌಕರಿಯಲ್ಲಿದ್ದಾನೆ ಎಂಬ ಆಲೋಚನೆ ನರಸಿಂಹಯ್ಯನವರ ಮೈಯಲ್ಲಿ ಜುಮ್ಮೆಂದು ಹರಿಯಿತು. ವಿಚಿತ್ರವೆಂದರೆ ಅದು ಭಯವಾಗಿರಲಿಲ್ಲ. ಕಳೆದುಹೋದ ಒಡವೆ ಮನೆಯಲ್ಲಿಯೇ ಇದೆಯೆಂದು ತಿಳಿದವನ ಆತುರ ಅದು. "ದಾರಿ ಎಲ್ಲಿದೆ?" ಎಂದರು. ಮಹಾದೇವಿ ಕೈಯೆತ್ತಿ ತೋರಿಸುವಷ್ಟರಲ್ಲಿಯೇ, ಎರಡು ತಗಡುಗಳು ಕೂಡುವೆಡೆಯಲ್ಲಿ ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟಿದ್ದ ಸಂದಿನೊಳಗೆ ಅವರು ಇಸ್ತ್ರಿ ಮಾಡಿದ ಬಿಳಿಯ ಅಂಗಿಯ ಸಮೇತ ತೂರಿಕೊಂಡಿದ್ದರು.

ಒಳಗೊಂದು ಬೀದಿಯಿತ್ತು! ತಗಡಿನ ಗೂಡುಗಳ ಎರಡು ಸಾಲು, ನಡುವೆ ಸೋಪಿನ ನೀರು ಹರಿದ ಹಾದಿ, ಒಲೆಯ ಹೊಗೆ, ರೊಟ್ಟಿ ಬಡಿಯುವ ಸಪ್ಪಳ, ಒಂದು ಬಾಗಿಲ ಮುಂದೆ ಎಣ್ಣೆ ಡಬ್ಬಿಯಲ್ಲಿ ನೆಟ್ಟ ತುಳಸಿ. ಬಾಗಿಲು ಎಂದರೆ ಕೆಲವೆಡೆ ಬಾಗಿಲಲ್ಲ, ಸಿಮೆಂಟು ಚೀಲದ ಪರದೆ. ಆದರೆ ಸಮೀಕ್ಷೆಯ ಪುಸ್ತಕದ ಪ್ರಕಾರ ಒಲೆಯೊಂದಿದ್ದರೆ ಅದು ಮನೆ, ಮನೆಗೆ ಒಳಹೋಗುವ ತೆರಪು ಬಾಗಿಲು. "ಒಂದು" ಎಂದರು ನರಸಿಂಹಯ್ಯನವರು, ಗಟ್ಟಿಯಾಗಿಯೇ. "ಎರಡು. ಬರಿಯಮ್ಮ ಮಹಾದೇವಿ, ಬರಿ. ಮೂರು." ಅವರ ದನಿ ಏರಿತು, ಕಾಲುಗಳು ಓಡುತ್ತಿದ್ದವು, ಕೆಸರು ಚಿಮ್ಮಿ ಪಂಚೆಗೆ ಹಾರುತ್ತಿತ್ತು. ಹದಿನಾರು, ಹದಿನೇಳು. ಮೈಲಿಗಲ್ಲುಗಳನ್ನು ಕೂಡ ಅವರು ಹೀಗೆಯೇ ಎಣಿಸಿದ್ದರು, ಆದರೆ ಆ ದಿನ ಪ್ರತಿಯೊಂದು ಕಲ್ಲೂ ಅವರನ್ನು ಏನನ್ನೋ ಬಿಟ್ಟು ದೂರ ಒಯ್ಯುತ್ತಿತ್ತು. ಇಪ್ಪತ್ತೊಂಬತ್ತು. ಮೂವತ್ತನೆಯ ಬಾಗಿಲ ಮುಂದೆ ಕುಳಿತು ಮೊಮ್ಮಗುವಿಗೆ ತಲೆ ಬಾಚುತ್ತಿದ್ದ ಮುದುಕವ್ವನೆಂಬ ಅಜ್ಜಿ ಈ ವಯಸ್ಸಾದವರ ಓಟವನ್ನು ಕಂಡು ಬಾಚಣಿಗೆ ನಿಲ್ಲಿಸಿದಳು.

"ಯಪ್ಪಾ, ಏನ ಎಣಸಾಕತ್ತೀರಿ? ಮನಿ ಕೆಡವಾಕ ಬಂದೀರೇನ?"

"ಇಲ್ಲಮ್ಮ, ಇಲ್ಲ. ಮಕ್ಕಳಿಗೆ ಚುಚ್ಚುಮದ್ದು ಆಗಿದೆಯೇ ಅಂತ ಕೇಳೋದಕ್ಕೆ ಬಂದಿದೀವಿ."

"ಪೋಲಿಯೋ ಹನಿ ಹಾಕಾಕ ಬರ್ತಾರ. ಹಾಕಿ ಬೆರಳಿಗೆ ಮಸಿ ಹಚ್ಚಿ ಹೋಗ್ತಾರ. ಸೂಜಿದು ನಮಗ ಗೊತ್ತಿಲ್ಲ ನೋಡ್ರಿ. ಕೇಳಾಕ ಅಂತ ಬಂದವರು ನೀವ ಮೊದಲು." ಅಜ್ಜಿ ನಕ್ಕಳು. "ಕುಂದರ್ರಿ, ಏದುಸಿರು ಬಿಡಾಕತ್ತೀರಿ. ಯವ್ವಾ ಮಹಾದೇವಿ ಅಂದ್ರಲ್ಲ, ನಿಮ್ಮ ಸಾಹೇಬಗ ನೀರು ಕೊಡ."

ನಲವತ್ಮೂರು. ಸಾಲಿನ ಕೊನೆಯ ಬಾಗಿಲನ್ನೂ ಎಣಿಸಿ ಅಜ್ಜಿಯ ಬಳಿಗೆ ಮರಳಿ, ಕೊಟ್ಟ ನೀರನ್ನು ಗಟಗಟನೆ ಕುಡಿದು, ಮಗುಚಿಟ್ಟಿದ್ದ ಬಾಂಡಲಿಯ ಮೇಲೆ ಕುಳಿತು, ಅವರು ಮನಸ್ಸಿನಲ್ಲಿಯೇ ಕೂಡಿದರು: ಇನ್ನೂರ ಹನ್ನೆರಡಕ್ಕೆ ನಲವತ್ಮೂರು ಸೇರಿದರೆ ಇನ್ನೂರ ಐವತ್ತೈದು. ಹತ್ತಿರ ಹತ್ತಿರ ಆರರಲ್ಲೊಂದು ಪಾಲು. ಬಡಾವಣೆಯ ಆರರಲ್ಲೊಂದು ಪಾಲನ್ನು ಅವರ ಪೆನ್ಸಿಲು ಗೆರೆಯೆಳೆದು ಮುಚ್ಚಿತ್ತು, ಅದೂ ಸೂಜಿ ಕಾಣದ ಪಾಲನ್ನು. ಯಂತ್ರಕ್ಕೆ ಕಣ್ಣಿಲ್ಲವೆಂದು ಹಿಗ್ಗಿದ್ದರು. ಯಂತ್ರದ ಕಣ್ಣು ತಾವೇ ಆಗಿದ್ದರು. ಅವರು ಮೊಬೈಲು ತೆಗೆದು ಪದ್ಮಾವತಿಯ ಸಂಖ್ಯೆ ಒತ್ತಿದರು. ಅವರಿಗೆ ಈ ಉಪಕರಣವನ್ನು ಕಿವಿಗೆ ಹಿಡಿದು ಮಾತಾಡಿ ಅಭ್ಯಾಸವಿಲ್ಲ. ದೊಡ್ಡ ದನಿಯ ಗುಂಡಿಯನ್ನೊತ್ತಿ ಎದುರಿಗೆ ಹಿಡಿಯುತ್ತಾರೆ. ಹೀಗಾಗಿ ಮಹಾದೇವಿಯೂ ಮುದುಕವ್ವನೂ ಎಲ್ಲವನ್ನೂ ಕೇಳಿದರು.

"ಸಾರ್, ಲಿಸ್ಟ್ ಕ್ಲೋಸ್ ಆಗಿದೆ," ಎಂದಳು ಪದ್ಮಾವತಿ, ಎಲ್ಲ ಆಲಿಸಿದ ಮೇಲೆ. "ಅದರ ಮೇಲೇ ಸ್ಯಾಂಪಲ್ ತೆಗೆದಿರೋದು. ಈಗ ನಲವತ್ಮೂರು ಮನೆ ಸೇರ್ಸಿದ್ರೆ ಎಲ್ಲಾ ಮೊದಲಿಂದ ತೆಗೀಬೇಕು."

"ತೆಗೆಯೋಣ ಮೇಡಂ."

"ಯಾಕೆ ಮಿಸ್ ಆಯ್ತು ಅಂತ ಮೇಲಿನೋರು ಕೇಳ್ತಾರೆ. ಮ್ಯಾಪ್ ಮೇಲೆ ನಿಮ್ಮ ಸಹಿ ಇದೆ." ಅವಳು ದನಿ ತಗ್ಗಿಸಿದಳು, ಅದರಲ್ಲಿ ನಿಜವಾದ ಕಕ್ಕುಲತೆಯಿತ್ತು. "ಒಂದು ಕೆಲಸ ಮಾಡೋಣ. ಈ ಏರಿಯಾದಲ್ಲಿ ತೊಂದರೆ ಇದೆ ಅಂತ ಬರೆದು ಬಿಟ್ಬಿಡೋಣ. ಬದಲಿಗೆ ಮಹದೇವಪುರದ ಕಡೆ ಒಂದು ರಿಸರ್ವ್ ಇಟ್ಟಿದೀನಿ, ಅಪಾರ್ಟ್‌ಮೆಂಟು. ಕಾರ್ಡೆಲ್ಲ ಫೈಲಲ್ಲಿ ಇಟ್ಟಿರ್ತಾರೆ. ಎರಡು ಗಂಟೆ ಬಸ್ ಆಗ್ಬೋದು, ನಿಮಗೇನು ದೂರ ಹೊಸದಾ? ಏಳನೇ ಮಗುಗೆ ಹನ್ನೊಂದು ಮೈಲಿ ಹೋದೋರು ನೀವು!"

ನರಸಿಂಹಯ್ಯನವರು ಎದ್ದು ನಿಂತರು. ನಾಳೆ ಪೀಣ್ಯದ ಹಾಲಿನಲ್ಲಿ ಅರವತ್ತು ಮುಖಗಳು. ಅವುಗಳ ಮುಂದೆ ಮೈಕು. ಮೈಕಿನ ಮುಂದೆ ತಾವು. ಇದೊಂದು ಸಿಗಲೆಂದು ನಿವೃತ್ತಿಯಾದಂದಿನಿಂದ ಅವರು ಎಷ್ಟು ಬೆಳಗುಗಳಲ್ಲಿ ಸುಮ್ಮನೆ ಬಟ್ಟೆ ಹಾಕಿಕೊಂಡು ತಯಾರಾಗಿ ಕುಳಿತಿರಲಿಲ್ಲ!

"ಅದೇ ಮೇಡಂ," ಎಂದರು. "ಅದೇ ನಾನು ಹೇಳಬೇಕಾಗಿರುವುದು. ಆ ಹನ್ನೊಂದು ಮೈಲಿಯೂ ಬದಲಿಯೇ. ಬೆಳಿಗ್ಗೆ ಈ ಹುಡುಗಿ ಕೇಳಿದಾಗ ಬೀಗ ಹಾಕಿತ್ತು ಎಂದೆ. ಬೀಗವಿರಲಿಲ್ಲ. ಆರನೆಯ ಮನೆಯಿಂದ ಹೊರಗೆ ಬಂದೆ, ಮುಂದೆ ಚರಂಡಿ, ಚರಂಡಿಯಾಚೆ ಕೇರಿ. ಅತಿ ಸಮೀಪದ ಬಾಗಿಲು ಅಲ್ಲಿತ್ತು, ಮೂವತ್ತು ಹೆಜ್ಜೆ. ಬಾಗಿಲಲ್ಲಿ ಒಬ್ಬ ಹೆಂಗಸು, ಸೊಂಟದಲ್ಲಿ ಮಗು. ನಾನು ಮನೆ ಮನೆಯಲ್ಲಿ ತೋಳು ನೋಡುತ್ತ ಬರುತ್ತಿದ್ದದ್ದನ್ನು ಅವಳು ಆಚೆಯಿಂದ ನೋಡುತ್ತಿದ್ದಿರಬೇಕು. ತನ್ನ ಸರದಿ ಬಂತೆಂದು ತಿಳಿದು ಮಗುವಿನ ಎಡದೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿ, ನನ್ನ ಕಡೆಗೆ ತಿರುಗಿಸಿ ಹಿಡಿದುಕೊಂಡು ನಿಂತಿದ್ದಳು. ಊರು ಮುಗಿಯಿತು ಎಂದರು ಜೊತೆಗಿದ್ದವರು. ಅವರ ಮನೆಯಲ್ಲಿ ನನಗೆ ಎಲೆ ಹಾಕಿತ್ತು. ಕೇರಿಯ ಹೊಸ್ತಿಲು ತುಳಿದು ಬಂದರೆ ಆ ಎಲೆಯನ್ನು ಎಲ್ಲಿ ಹಾಕುತ್ತಿದ್ದರೋ! ನಾನು ಒಬ್ಬಟ್ಟು ಉಂಡೆ. ಉಂಡು, ತವರಿಗೆ ಹೋಗಿದ್ದ ಮಗುವನ್ನು ಏಳನೆಯದೆಂದು ಇಟ್ಟುಕೊಂಡು ಸೈಕಲ್ ಹತ್ತಿದೆ. ಮೂವತ್ತು ಹೆಜ್ಜೆ ತಪ್ಪಿಸಿಕೊಳ್ಳುವುದಕ್ಕೆ ಹನ್ನೊಂದು ಮೈಲಿ ಹೋದೆ ಮೇಡಂ. ಅಷ್ಟು ಕಷ್ಟಪಟ್ಟರೆ ಯಾರೂ ಯಾಕೆಂದು ಕೇಳುವುದಿಲ್ಲ."

ಎಲ್ಲಿಯೋ ಕಾಂಕ್ರೀಟು ಕಲಸುವ ಯಂತ್ರ ಗರಗರನೆ ತಿರುಗುತ್ತಿತ್ತು.

"ಸಾರ್," ಎಂದಳು ಪದ್ಮಾವತಿ ಕೊನೆಗೆ, "ಹಾಗಾದ್ರೆ ಸೂಪರ್‌ವೈಸರ್ ತಪ್ಪು ಅಂತಾನೇ ಬರೀಬೇಕಾಗತ್ತೆ ನಾನು. ಬರೆದ ಮೇಲೆ ನಾಳೆ ಟ್ರೈನಿಂಗು ನಿಮ್ಮ ಕೈಲಿ ಮಾಡ್ಸಕ್ಕಾಗಲ್ಲ. ಬೇಜಾರು ಮಾಡ್ಕೋಬೇಡಿ."

"ಬರೆಯಿರಿ. ಆದರೆ ಹೊಸ ಪಟ್ಟಿಯ ಮೇಲೆಯೇ ಬಾಗಿಲುಗಳನ್ನು ಎತ್ತುವಿರಷ್ಟೆ?"

"ಸಂಜೆ ಐದರೊಳಗೆ ಕಳ್ಸಿ. ಇನ್ನೂರ ಐವತ್ತೈದೂ ಇರ್ಬೇಕು. ಮಹಾದೇವಿ ಸಹಿ ಹಾಕಲಿ." ಕರೆ ಮುಗಿಯಿತು.

ಮುಗಿದ ಮೇಲೆಯೂ ಅವರು ಉಪಕರಣವನ್ನು ಎದುರಿಗೆ ಹಿಡಿದುಕೊಂಡೇ ನಿಂತಿದ್ದರು. ಅವಮಾನ ಈಗ ಬರುತ್ತದೆ, ಇನ್ನೊಂದು ಕ್ಷಣಕ್ಕೆ ಬರುತ್ತದೆ ಎಂದು ಮೈಯೆಲ್ಲ ಬಿಗಿಹಿಡಿದು ಕಾದರು. ಬಂದದ್ದು ಬೇರೆ. ಕಿವಿಯಲ್ಲಿ ಗಾಳಿ ಸುಂಯ್ಗುಟ್ಟುತ್ತ, ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಬಿಟ್ಟಂಥ, ಭಯವನ್ನೂ ಒಳಗೊಂಡ ಒಂದು ಹಗುರ. ನಲವತ್ಮೂರು ಬಾಗಿಲುಗಳೂ ತೆರೆದಿದ್ದವು. ಮುದುಕವ್ವ ಮೊಮ್ಮಗುವನ್ನು ಮಡಿಲಿಗೆಳೆದುಕೊಂಡು, ಅವರ ಮುಖ ನೋಡಿ ಕೇಳಿದಳು.

"ಆ ಕೂಸಿನ ತೋಳಿನ ಮ್ಯಾಲೆ ಕಲಿ ಇತ್ತೇನ್ರಿ, ಯಪ್ಪಾ?"

"ಗೊತ್ತಿಲ್ಲಮ್ಮ," ಎಂದರು ನರಸಿಂಹಯ್ಯನವರು. "ನಾನು ನೋಡಲಿಲ್ಲ. ಇದ್ದಿದ್ದರೂ ಗೊತ್ತಿಲ್ಲ, ಇಲ್ಲದಿದ್ದರೂ ಗೊತ್ತಿಲ್ಲ. ಈಗ ಇಪ್ಪತ್ತೈದು ತುಂಬಿರಬೇಕು ಅದಕ್ಕೆ. ಇದ್ದರೆ."

ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಸ ಪಟ್ಟಿಯ ಹಾಳೆಯಲ್ಲಿ ಈ ಸಾಲಿನ ಮೊದಲನೆಯ ಬಾಗಿಲಿನ ಸಂಖ್ಯೆಯನ್ನು, ಇನ್ನೂರ ಹದಿಮೂರು ಎಂದು ಬರೆದಳು. ಆಮೇಲೆ ಪೆನ್ನು ನಿಲ್ಲಿಸಿದಳು. ಬೆಳಿಗ್ಗೆ ಕೈಯೆತ್ತಿ ಪ್ರಶ್ನೆ ಕೇಳಿದವಳ ಮುಖವಾಗಿರಲಿಲ್ಲ ಅದು. ಅದಕ್ಕಿಂತ ಎಳೆಯದೂ ಆಗಿತ್ತು, ಹಳೆಯದೂ ಆಗಿತ್ತು.

"ಸರ, ಐದಕ್ಕ ಇನ್ನಾ ಟೈಮ್ ಐತಿ. ಇನ್ನೊಮ್ಮೆ ಹೇಳ್ರಿ," ಎಂದಳು. "ಸೈಕಲ್ಲಿಂದು ಬ್ಯಾಡ್ರಿ. ಆಕಿ ತೋಳು ಸರಿಸಿ ನಿಂತಿದ್ಲಲ್ರಿ, ಅಲ್ಲಿಂದ ಹೇಳ್ರಿ."